ಔಷಧದ ನಿಜನಾಮ: ಪ್ರತಿಜೀವಕಗಳನ್ನು ದೇಶದೇಶಗಳಲ್ಲಿ ಗುರುತಿಸುವ ಬಗೆ

ಆಷಾಢದ ಮಳೆ ಹಿಡಿಯಿತೆಂದರೆ ಮಾಸ್ತಿಕಟ್ಟೆ, ಹುಲಿಕಲ್ ಸೀಮೆಯಲ್ಲಿ ಸೂರ್ಯದರ್ಶನವೇ ಅಪರೂಪ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿನಲ್ಲಿ ಈ ಊರುಗಳ ಹೆಸರು ಪ್ರತಿವರ್ಷವೂ ಕೇಳಿಬರುತ್ತದೆ. ಕೆಸರುಗದ್ದೆಯ ನಾಟಿ, ತೋಟದ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ, ಕೊಟ್ಟಿಗೆಯ ಕಾಯಕ ಇವುಗಳ ನಡುವೆ ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಜ್ವರ ಬರುತ್ತದೆ. ಜ್ವರ ಬಂದವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಂದ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗಬೇಕಾಗಬಹುದು. ಅಷ್ಟಕ್ಕೂ ಇಳಿಯದಿದ್ದರೆ ಘಾಟಿಯಿಳಿದು ಕುಂದಾಪುರ, ಮಣಿಪಾಲದ ಕಡೆಗೆ, ಇಲ್ಲವೇ ಶಿವಮೊಗ್ಗಕ್ಕೆ ಪಯಣ. ಒಂದೊಂದು ಊರಿನಲ್ಲಿ ಒಂದೊಂದು ಹೆಸರಿನ ಮಾತ್ರೆ ಕೈಸೇರುತ್ತದೆ. ಅವುಗಳಲ್ಲಿ ಯಾವುದು ಹೊಸದು, ಯಾವುದು ಹಿಂದೆ ಕೊಟ್ಟಿದ್ದೇ ಎಂಬುದು ಮನೆಯವರಿಗೆ ತಿಳಿಯದು.

ಇದೇ ತೊಡಕು ಕಡಲಾಚೆ ಹೋದಾಗ ಇಮ್ಮಡಿಯಾಗುತ್ತದೆ. ಇಂದು ಶ್ರೀಮಠದ ಸದ್ಭಕ್ತರ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ ಹೋಗುತ್ತಾರೆ. ಮಗ ಬರುವಾಗ ಅಲ್ಲಿಂದ ಔಷಧ ತರುತ್ತಾನೆ. ಇಲ್ಲಿಯ ಚೀಟಿ ಅಲ್ಲಿಯ ಅಂಗಡಿಯವರಿಗೆ ಅರ್ಥವಾಗದು. ಅಲ್ಲಿಯ ಸೀಸೆಯ ಮೇಲಿನ ಹೆಸರು ಇಲ್ಲಿಯ ವೈದ್ಯರಿಗೆ ಒಮ್ಮೊಮ್ಮೆ ಹೊಸದು. ಬೇರೆ ಔಷಧಗಳಲ್ಲಿಯೂ ಈ ಗೊಂದಲ ಉಂಟಾದರೂ ಪ್ರತಿಜೀವಕಗಳಲ್ಲಿ, ಅಂದರೆ ಆ್ಯಂಟಿಬಯೋಟಿಕ್ ಎಂದು ನಾವೆಲ್ಲ ಕರೆಯುವ ಔಷಧಗಳಲ್ಲಿ, ಅದರ ಪರಿಣಾಮ ಹೆಚ್ಚು ಕಠಿಣ. ಹೆಸರು ತಪ್ಪಿದರೆ ಒಂದೇ ಔಷಧ ಎರಡು ಪಾಲು ದೇಹ ಸೇರಬಹುದು. ನಡುವೆಯೇ ಚಿಕಿತ್ಸೆ ನಿಲ್ಲಬಹುದು. ಒಗ್ಗದ ಔಷಧವೇ ಇನ್ನೊಂದು ಹೆಸರಿನಲ್ಲಿ ಮರಳಿ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಆದ್ದರಿಂದ ಔಷಧದ ನಿಜನಾಮವನ್ನು ಗುರುತಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ವಸ್ತು, ಎರಡು ಹೆಸರು

ಪ್ರತಿಯೊಂದು ಔಷಧಕ್ಕೂ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಮೊದಲನೆಯದು ಔಷಧದ ಒಳಗಿರುವ ವಸ್ತುವಿನ ಹೆಸರು. ಇದನ್ನು ಜನರಿಕ್ ಹೆಸರು ಎನ್ನುತ್ತಾರೆ. ನಾವು ಮೂಲನಾಮ ಎನ್ನೋಣ. ಎರಡನೆಯದು ಅದನ್ನು ತಯಾರಿಸಿದ ಕಂಪನಿ ಮಾರಾಟಕ್ಕಾಗಿ ಇಟ್ಟುಕೊಂಡ ಹೆಸರು. ಅದು ಬ್ರ್ಯಾಂಡ್ ಹೆಸರು, ಅಂದರೆ ವ್ಯಾಪಾರನಾಮ. ಅಜಿತ್ರೊಮೈಸಿನ್ ಎಂಬುದು ಮೂಲನಾಮ. ಅದನ್ನೇ ನಮ್ಮ ದೇಶದಲ್ಲಿ ಒಂದು ಕಂಪನಿ ಅಜಿತ್ರಾಲ್ ಎಂದೂ ಇನ್ನೊಂದು ಕಂಪನಿ ಅಜೀ ಎಂದೂ ಮಾರುತ್ತವೆ.

ಶರಣಪರಂಪರೆಯಲ್ಲಿ ಬೆಳೆದವರಿಗೆ ಇದು ಹೊಸ ವಿಚಾರವೇನೂ ಆಗಬೇಕಾಗಿಲ್ಲ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಅಂಕಿತಗಳು ಬೇರೆಬೇರೆಯಾದರೂ ಅವು ತೋರುವ ಪರವಸ್ತು ಒಂದೇ ಎಂಬುದನ್ನು ಬಲ್ಲ ಭಕ್ತನು ಗೊಂದಲಕ್ಕೆ ಒಳಗಾಗುವುದಿಲ್ಲ. ಔಷಧದ ವಿಷಯದಲ್ಲಿಯೂ ಹೊರಗಿನ ಹೆಸರನ್ನು ದಾಟಿ ಒಳಗಿನ ವಸ್ತುವನ್ನು ಅರಿಯುವ ಅಭ್ಯಾಸ ಬೇಕು. ಒಂದು ಎಚ್ಚರವನ್ನು ಮಾತ್ರ ಮರೆಯಲಾಗದು: ಔಷಧಗಳ ಲೋಕದಲ್ಲಿ ಒಂದೇ ಹೆಸರು ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ವಸ್ತುವನ್ನು ಸೂಚಿಸುವುದೂ ಉಂಟು. ಅದನ್ನು ಮುಂದೆ ನೋಡೋಣ.

ಮೂಲನಾಮಗಳನ್ನು ಯಾರು ಇಡುತ್ತಾರೆ? ಒಂದೊಂದು ದೇಶ ಒಂದೊಂದು ಹೆಸರಿಟ್ಟರೆ ವೈದ್ಯಲೋಕವೇ ಗೊಂದಲಕ್ಕೀಡಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ಜಗತ್ತಿಗೆಲ್ಲ ಸಮಾನವಾದ ಔಷಧನಾಮಗಳ ವ್ಯವಸ್ಥೆಯನ್ನು ಆರಂಭಿಸಿತು. ಅದರ ಮೊದಲ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಈ ಹೆಸರುಗಳು ಯಾವ ಕಂಪನಿಯ ಸ್ವತ್ತೂ ಅಲ್ಲ. ಆದ್ದರಿಂದಲೇ ಮೂಲನಾಮ ತಿಳಿದಿದ್ದರೆ ಮಾಸ್ತಿಕಟ್ಟೆಯಲ್ಲಿ ಆರಂಭವಾದ ಚಿಕಿತ್ಸೆಯನ್ನು ಮ್ಯಾಂಚೆಸ್ಟರಿನ ವೈದ್ಯರೂ ಮುಂದುವರಿಸಬಲ್ಲರು.

ನಮ್ಮಲ್ಲಿ ಹೆಸರುಗಳು ಇಷ್ಟೇಕೆ?

1970ರ ನಮ್ಮ ಪೇಟೆಂಟ್ ಕಾಯ್ದೆಯು 1972ರಿಂದ ಜಾರಿಗೆ ಬಂದಿತು. ಅದರಂತೆ ಔಷಧವನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ದೊರೆಯುತ್ತಿತ್ತೇ ಹೊರತು ಔಷಧವಸ್ತುವಿಗೆ ದೊರೆಯುತ್ತಿರಲಿಲ್ಲ. 2005ರವರೆಗೂ ಇದೇ ಪದ್ಧತಿಯಿತ್ತು. ಬೇರೊಂದು ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ಅನೇಕ ಕಂಪನಿಗಳಿಗೆ ಅವಕಾಶವಾಯಿತು. ಬೆಲೆ ಇಳಿದು ಬಡವರಿಗೂ ಪ್ರತಿಜೀವಕಗಳು ಎಟುಕುವಂತಾದದ್ದು ಇದರ ದೊಡ್ಡ ಲಾಭ. ಒಂದೇ ವಸ್ತುವಿಗೆ ಹತ್ತಾರು ವ್ಯಾಪಾರನಾಮಗಳು ಹುಟ್ಟಿಕೊಂಡದ್ದು ಅದರ ಬೆನ್ನಿಗೇ ಬಂದ ತೊಡಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಮಾತ್ರೆಗಳ ಮೇಲೆ ಸಾಮಾನ್ಯವಾಗಿ ಮೂಲನಾಮ ಮಾತ್ರವೇ ಇರುತ್ತದೆ. ಜನೌಷಧಿ ಕೇಂದ್ರಗಳಲ್ಲಿ ದೊರೆಯುವುದೂ ಹಾಗೆಯೇ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಹಭಾಗಿತ್ವದಲ್ಲಿ 1981ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯು ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಪೂರೈಸುವ ಸಂಸ್ಥೆಗಳಲ್ಲಿ ಒಂದು. ಬಣ್ಣದ ಹೆಸರಿಲ್ಲವೆಂಬ ಕಾರಣಕ್ಕೆ ಇಂತಹ ಮಾತ್ರೆಯನ್ನು ಕೀಳೆಂದು ಎಣಿಸುವವರು ಇದ್ದಾರೆ. ವಾಸ್ತವವಾಗಿ ರೋಗಿಗೆ ಅತ್ಯಂತ ಅಗತ್ಯವಾದ ಹೆಸರನ್ನು ಮರೆಮಾಚದೆ ಹೇಳುವುದು ಆ ಪಟ್ಟಿಯೇ.

ಮಾತ್ರೆಯ ಪಟ್ಟಿಯನ್ನು ಓದುವ ಕ್ರಮ

ಮಾತ್ರೆಯ ಪಟ್ಟಿಯನ್ನು ತಿರುವಿ ಹಿಂಬದಿಯನ್ನು ನೋಡಿರಿ. ಅಲ್ಲಿ ಎರಡು ಹೆಸರುಗಳು ಕಾಣುತ್ತವೆ. ಬಣ್ಣದಲ್ಲಿ ಎದ್ದು ಕಾಣುವುದು ಹೆಚ್ಚಾಗಿ ವ್ಯಾಪಾರನಾಮ. ಅದರ ಬಳಿಯೇ ಮಾತ್ರೆ ಅಥವಾ ಕ್ಯಾಪ್ಸೂಲ್ ಎಂಬ ಪದದೊಡನೆ ಇರುವ ಹೆಸರು ಮೂಲನಾಮ. ಮೂಲನಾಮವನ್ನು ವ್ಯಾಪಾರನಾಮಕ್ಕಿಂತ ಕನಿಷ್ಠ ಎರಡು ಅಳತೆ ದೊಡ್ಡದಾದ ಅಕ್ಷರದಲ್ಲಿ ಮುದ್ರಿಸಬೇಕೆಂದು 2018ರಲ್ಲಿ ನಿಯಮ ತಿದ್ದುಪಡಿಯಾಯಿತು. ಮೂರು ಅಥವಾ ಹೆಚ್ಚು ಔಷಧಗಳ ಮಿಶ್ರಣಕ್ಕೂ ಜೀವಸತ್ವಗಳ ಮಿಶ್ರಣಕ್ಕೂ ಇದರಿಂದ ವಿನಾಯಿತಿಯಿದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಪ್ರತಿ ಮಾತ್ರೆಯಲ್ಲಿ ಯಾವ ವಸ್ತು ಎಷ್ಟು ಮಿಲಿಗ್ರಾಂ ಇದೆ ಎಂಬ ವಿವರವಿರುತ್ತದೆ. ನಿಜವಾದ ಗುರುತು ಇದೇ.

ಪಟ್ಟಿಯ ಎಡ ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಆ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಕೊಳ್ಳಲೂಬಾರದು ಎಂದರ್ಥ. ಪ್ರತಿಜೀವಕಗಳನ್ನು ಜನರು ಸುಲಭವಾಗಿ ಗುರುತಿಸಲೆಂದು ಕೇಂದ್ರ ಆರೋಗ್ಯ ಇಲಾಖೆಯು 2016ರಲ್ಲಿ ಈ ಕೆಂಪು ಗೆರೆಯ ಬಗ್ಗೆ ಪ್ರಚಾರ ಕೈಗೊಂಡಿತು. ಇನ್ನೂ ಪ್ರಬಲವಾದ ಕೆಲವು ಪ್ರತಿಜೀವಕಗಳ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆಯ ಮಾತುಗಳಿರುತ್ತವೆ. ಅವು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಗೆ ಸೇರಿದವು. ಅವುಗಳನ್ನು ಮಾರಿದಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು.

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಸಂಕೇತ ಮುದ್ರಿಸುವುದು ಕಡ್ಡಾಯವಾಗಿದೆ. ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಮೂಲನಾಮ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳು ದೊರೆಯುತ್ತವೆ. ಕಣ್ಣು ಮಂಜಾದ ಹಿರಿಯರಿಗೆ ಮನೆಯ ಮಕ್ಕಳು ಈ ಸೇವೆಯನ್ನು ಮಾಡಿಕೊಡಬಹುದು.

ನಮ್ಮ ಕಡೆಯ ಅಂಗಡಿಗಳಲ್ಲಿ ಎರಡು, ಮೂರು ಮಾತ್ರೆಗಳನ್ನು ಕತ್ತರಿಸಿ ಕೊಡುವ ರೂಢಿಯುಂಟು. ಹಾಗೆ ಕತ್ತರಿಸಿದ ತುಂಡಿನಲ್ಲಿ ಹೆಸರೂ ಉಳಿಯದೆ ಅವಧಿಯ ದಿನಾಂಕವೂ ಉಳಿಯದೆ ಹೋಗಬಹುದು. ಆದಕಾರಣ ಬಿಲ್ಲನ್ನು ಕೇಳಿ ಪಡೆದು, ಚಿಕಿತ್ಸೆ ಮುಗಿಯುವತನಕ ಅದನ್ನು ಮಾತ್ರೆಯೊಡನೆಯೇ ಇಡತಕ್ಕದ್ದು.

ಮನೆತನವನ್ನು ಹೇಳುವ ಅಕ್ಷರಗಳು

ವ್ಯಕ್ತಿಯ ಮನೆತನದ ಹೆಸರು ಆತನ ಮೂಲವನ್ನು ತಿಳಿಸುವಂತೆ ಪ್ರತಿಜೀವಕದ ಮೂಲನಾಮದ ಆದಿಯೋ ಅಂತ್ಯವೋ ಅದು ಯಾವ ಗುಂಪಿಗೆ ಸೇರಿದ್ದೆಂಬುದನ್ನು ತಿಳಿಸುತ್ತದೆ.

‘ಸಿಲಿನ್’ ಎಂದು ಮುಗಿದರೆ ಅದು ಪೆನಿಸಿಲಿನ್ ಮನೆತನ: ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪಿಪರಾಸಿಲಿನ್. ‘ಸೆಫ್’ ಎಂದು ಆರಂಭವಾದರೆ ಸೆಫಲೋಸ್ಪೊರಿನ್ ಗುಂಪು: ಸೆಫಲೆಕ್ಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್. ‘ಸೈಕ್ಲಿನ್’ ಎಂದು ಮುಗಿದರೆ ಟೆಟ್ರಾಸೈಕ್ಲಿನ್ ಗುಂಪು. ಡಾಕ್ಸಿಸೈಕ್ಲಿನ್ ಇದಕ್ಕೆ ಸೇರಿದ್ದು. ‘ಫ್ಲಾಕ್ಸಾಸಿನ್’ ಎಂದು ಮುಗಿಯುವವು ಇನ್ನೊಂದು ಗುಂಪು: ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್. ‘ಸಲ್ಫಾ’ ಎಂದು ಆರಂಭವಾಗುವವು ಸಲ್ಫಾ ಔಷಧಗಳು. ‘ನಿಡಜೋಲ್’ ಎಂದು ಮುಗಿಯುವ ಮೆಟ್ರೊನಿಡಜೋಲ್, ಟಿನಿಡಜೋಲ್‌ಗಳನ್ನು ಆಮಶಂಕೆಯಂತಹ ಕಾಯಿಲೆಗಳಲ್ಲಿ ಬಳಸುತ್ತಾರೆ.

‘ಮೈಸಿನ್’ ಎಂಬ ಅಂತ್ಯದ ವಿಷಯದಲ್ಲಿ ಮಾತ್ರ ಜಾಗರೂಕತೆ ಬೇಕು. ಮಣ್ಣಿನಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಗಳಿಂದ ದೊರೆತ ಪ್ರತಿಜೀವಕಗಳಿಗೆ ಈ ಅಂತ್ಯ ಬಂದಿತು. ಅಜಿತ್ರೊಮೈಸಿನ್, ಕ್ಲಿಂಡಮೈಸಿನ್, ಸ್ಟ್ರೆಪ್ಟೊಮೈಸಿನ್ ಮೂರೂ ಹಾಗೆ ಮುಗಿದರೂ ಮೂರೂ ಬೇರೆಬೇರೆ ಗುಂಪಿನವು. ಹಾಗೆಯೇ ‘ಜೋಲ್’ ಎಂದು ಮುಗಿಯುವುದೆಲ್ಲ ಪ್ರತಿಜೀವಕವಲ್ಲ: ‘ಪ್ರಜೋಲ್’ ಎಂದಿದ್ದರೆ ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆ, ‘ಕೊನಜೋಲ್’ ಎಂದಿದ್ದರೆ ಶಿಲೀಂಧ್ರದ ಸೋಂಕಿಗೆ ಕೊಡುವ ಔಷಧ. ‘ವಿರ್’ ಎಂದು ಮುಗಿಯುವವು ವೈರಾಣುಗಳ ವಿರುದ್ಧ ಕೆಲಸಮಾಡುವಂಥವು.

ದೇಶ ಬದಲಾದಾಗ ಹೆಸರು ಬದಲಾಗುವ ಪರಿ

ಹೆಚ್ಚು ಬಳಕೆಯ ಕೆಲವು ಪ್ರತಿಜೀವಕಗಳನ್ನು ಇಲ್ಲಿ ಉದಾಹರಿಸಲಾಗಿದೆ.

ಅಜಿತ್ರೊಮೈಸಿನ್: 1980ರಲ್ಲಿ ಕ್ರೊಯೇಷಿಯಾದ ಝಾಗ್ರೆಬ್ ನಗರದ ಪ್ಲೀವಾ ಕಂಪನಿಯ ಸಂಶೋಧಕರು ಇದನ್ನು ಕಂಡುಹಿಡಿದರು. ಆ ಕಡೆಯ ದೇಶಗಳಲ್ಲಿ ಇದರ ಹೆಸರು ಸುಮಾಮೆಡ್. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಜಿತ್ರೊಮ್ಯಾಕ್ಸ್. ನಮ್ಮಲ್ಲಿ ಅಜಿತ್ರಾಲ್, ಅಜೀ ಮುಂತಾದ ಹೆಸರುಗಳು.

ಡಾಕ್ಸಿಸೈಕ್ಲಿನ್: ನಮ್ಮಲ್ಲಿ ಡಾಕ್ಸಿ-1 ಪರಿಚಿತ ಹೆಸರು; ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ವೈಬ್ರಮೈಸಿನ್. ಹೆಸರಿನ ಕೊನೆಯಲ್ಲಿ ‘ಮೈಸಿನ್’ ಇದ್ದರೂ ಒಳಗಿರುವುದು ಸೈಕ್ಲಿನ್! ವ್ಯಾಪಾರನಾಮವನ್ನು ನೋಡಿ ಮನೆತನವನ್ನು ಊಹಿಸಬಾರದೆಂಬುದಕ್ಕೆ ಇದೇ ಸಾಕ್ಷಿ.

ಸಿಪ್ರೊಫ್ಲಾಕ್ಸಾಸಿನ್: ನಮ್ಮಲ್ಲಿ ಸಿಪ್ಲಾಕ್ಸ್, ಸಿಫ್ರಾನ್, ಅಮೆರಿಕದಲ್ಲಿ ಸಿಪ್ರೊ, ಇಂಗ್ಲೆಂಡ್‌ನಲ್ಲಿ ಸಿಪ್ರಾಕ್ಸಿನ್, ಜರ್ಮನಿಯಲ್ಲಿ ಸಿಪ್ರೊಬೇ.

ಸೆಫಲೆಕ್ಸಿನ್: ನಮ್ಮಲ್ಲಿ ಸ್ಪೊರಿಡೆಕ್ಸ್, ಫೆಕ್ಸಿನ್; ಅಮೆರಿಕದಲ್ಲಿ ಕೆಫ್ಲೆಕ್ಸ್. ಸೆಫಿಕ್ಸಿಮ್: ನಮ್ಮಲ್ಲಿ ಟ್ಯಾಕ್ಸಿಮ್-ಒ, ಜಿಫಿ, ಅಮೆರಿಕದಲ್ಲಿ ಸುಪ್ರಾಕ್ಸ್.

ಸಲ್ಫಮೆಥಾಕ್ಸಜೋಲ್ ಮತ್ತು ಟ್ರೈಮೆಥೊಪ್ರಿಮ್‌ಗಳ ಮಿಶ್ರಣ: ನಮ್ಮಲ್ಲಿಯೂ ಇಂಗ್ಲೆಂಡ್‌ನಲ್ಲಿಯೂ ಇದಕ್ಕೆ ಕೋ-ಟ್ರೈಮಾಕ್ಸಜೋಲ್ ಎಂಬ ಹೆಸರಿದೆ. ನಮ್ಮಲ್ಲಿ ಸೆಪ್ಟ್ರಾನ್, ಬ್ಯಾಕ್ಟ್ರಿಮ್, ಇಂಗ್ಲೆಂಡ್‌ನಲ್ಲಿ ಸೆಪ್ಟ್ರಿನ್, ಅಮೆರಿಕದಲ್ಲಿ ಬ್ಯಾಕ್ಟ್ರಿಮ್, ಸೆಪ್ಟ್ರಾ.

ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲದ ಮಿಶ್ರಣ: ಆಗ್ಮೆಂಟಿನ್ ಎಂಬ ಹೆಸರು ಅನೇಕ ದೇಶಗಳಲ್ಲಿ ಒಂದೇ. ನಮ್ಮಲ್ಲಿ ಕ್ಲಾವಮ್, ಮಾಕ್ಸಿಕೈಂಡ್-ಸಿವಿ ಎಂಬವೂ ಇದೇ ಔಷಧ. ಯುಎಇಯಲ್ಲಿ ಜುಲ್ಮೆಂಟಿನ್ ಎಂಬ ಹೆಸರೂ ಉಂಟು. ಇಂಗ್ಲೆಂಡ್‌ನ ವೈದ್ಯರು ಇದನ್ನು ಕೋ-ಅಮಾಕ್ಸಿಕ್ಲಾವ್ ಎಂದು ಬರೆಯುತ್ತಾರೆ.

ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ವರ್ಷಗಟ್ಟಲೆ ಕೊಡುವ ಚುಚ್ಚುಮದ್ದು ಬೆಂಜತೀನ್ ಪೆನಿಸಿಲಿನ್. ನಮ್ಮಲ್ಲಿ ಪೆನಿಡ್ಯೂರ್ ಎಂದರೆ ತಿಳಿಯುತ್ತದೆ. ಅಮೆರಿಕದಲ್ಲಿ ಅದು ಬಿಸಿಲಿನ್ ಎಲ್-ಎ. ನಮ್ಮ 12 ಲಕ್ಷ ಯೂನಿಟ್ ಅಲ್ಲಿ 1.2 ಮಿಲಿಯನ್ ಯೂನಿಟ್. ಅಲ್ಲಿಯೇ ಬಿಸಿಲಿನ್ ಸಿ-ಆರ್ ಎಂಬ ಇನ್ನೊಂದು ಚುಚ್ಚುಮದ್ದೂ ಇದೆ. ಅದು ಎರಡು ಬಗೆಯ ಪೆನಿಸಿಲಿನ್‌ಗಳ ಮಿಶ್ರಣ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಅಪರೂಪವಾಗಿ ಮೂಲನಾಮವೇ ಎರಡಾಗುವುದುಂಟು. ಕ್ಷಯರೋಗದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅಮೆರಿಕದಲ್ಲಿ ರಿಫಾಂಪಿನ್ ಎನ್ನುತ್ತಾರೆ. ಪ್ರತಿಜೀವಕವಲ್ಲದಿದ್ದರೂ ಪ್ರತಿ ಮನೆಯಲ್ಲಿರುವ ಜ್ವರದ ಮಾತ್ರೆ ಪ್ಯಾರಾಸಿಟಮಾಲ್‌ನ ಹೆಸರು ಅಲ್ಲಿ ಅಸಿಟಮಿನೊಫೆನ್. ಇಲ್ಲಿಯ ಡೋಲೊ, ಕ್ರೋಸಿನ್, ಗಲ್ಫ್ ನಾಡುಗಳ ಪೆನಡಾಲ್, ಅಮೆರಿಕದ ಟೈಲೆನಾಲ್ ಇವೆಲ್ಲವುಗಳಲ್ಲಿಯೂ ಇರುವುದು ಇದೇ ವಸ್ತು. ಊರಿನಿಂದ ಒಯ್ದ ಡೋಲೊ ನುಂಗಿ, ಮಗ ಕೊಟ್ಟ ಟೈಲೆನಾಲನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾದೀತು.

ಸಂಖ್ಯೆಯ ತೊಡಕು

ಹೆಸರು ಸರಿಯಾದರೂ ಸಂಖ್ಯೆ ಮೋಸಗೊಳಿಸಬಹುದು. ನಮ್ಮಲ್ಲಿ ‘625’ ಎಂದು ಪ್ರಸಿದ್ಧವಾದ ಮಾತ್ರೆಯಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನಿಕ್ ಆಮ್ಲ ಸೇರಿವೆ. ಅಮೆರಿಕದಲ್ಲಿ ಅದೇ ಮಾತ್ರೆಯನ್ನು 500/125 ಎಂದು ಬರೆಯುತ್ತಾರೆ. ನಮ್ಮಲ್ಲಿ ಒಂದು ಗ್ರಾಂ ಎನ್ನುವುದು ಅಲ್ಲಿ 875/125. ಸಂಖ್ಯೆ ಕಡಿಮೆಯಿದೆಯೆಂದು ಅಲ್ಲಿಯ 500ರ ಜೊತೆ ಇನ್ನೊಂದನ್ನು ಸೇರಿಸುವುದು ತಪ್ಪು.

ಕ್ಲಾವುಲನಿಕ್ ಆಮ್ಲದ ಕೆಲಸವೇನೆಂದು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನನ್ನೇ ಒಡೆದುಹಾಕುವ ಒಂದು ಕಿಣ್ವವನ್ನು ಸ್ರವಿಸುತ್ತವೆ. ಕ್ಲಾವುಲನಿಕ್ ಆಮ್ಲವು ಆ ಕಿಣ್ವವನ್ನು ಕಟ್ಟಿಹಾಕಿ ಅಮಾಕ್ಸಿಸಿಲಿನ್‌ಗೆ ದಾರಿ ಮಾಡಿಕೊಡುತ್ತದೆ. ಹಲವು ಬಗೆಯ ಮಾತ್ರೆಗಳಲ್ಲಿ ಅದರ ಪ್ರಮಾಣ 125 ಮಿಲಿಗ್ರಾಂ ಆಗಿಯೇ ಇರುತ್ತದೆ. ಆದ್ದರಿಂದ 250/125ರ ಎರಡು ಮಾತ್ರೆ ನುಂಗಿದರೆ 500/125ರ ಒಂದು ಮಾತ್ರೆಗೆ ಸಮವಾಗದು. ಕ್ಲಾವುಲನಿಕ್ ಆಮ್ಲ ಇಮ್ಮಡಿಯಾಗಿ ಹೊಟ್ಟೆ ಕೆಡಬಹುದು. ಹೀಗೆ ಮಿಶ್ರಣದ ಮಾತ್ರೆಗಳಲ್ಲಿ ಮನೆಯ ಲೆಕ್ಕಾಚಾರ ನಡೆಯುವುದಿಲ್ಲ.

ಹೆಸರು ಒಂದೇ, ವಸ್ತು ಬೇರೆ

ಹೊರದೇಶದ ಅಂಗಡಿಯಲ್ಲಿ ವ್ಯಾಪಾರನಾಮವನ್ನಷ್ಟೇ ಹೇಳಿ ಔಷಧ ಕೇಳುವುದು ಅಪಾಯಕರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ತನ್ನ ಪ್ರಜೆಗಳಿಗೆ ಈ ಬಗ್ಗೆ ಎಚ್ಚರಿಕೆ ನೀಡಿತು. ಅಮೆರಿಕದಲ್ಲಿ ಫ್ಲೋಮ್ಯಾಕ್ಸ್ ಎಂಬುದು ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರಕ್ಕೆ ತಡೆಯಾದವರಿಗೆ ಕೊಡುವ ಔಷಧ. ಇಟಲಿಯಲ್ಲಿ ಅದೇ ಹೆಸರಿನಲ್ಲಿ ಸಿಗುತ್ತಿದ್ದುದು ಉರಿಯೂತ ಶಮನದ ಬೇರೊಂದು ಔಷಧ. ಡಿಲಕೋರ್ ಎಂಬುದು ಅಮೆರಿಕದಲ್ಲಿ ರಕ್ತದೊತ್ತಡದ ಔಷಧ, ಸರ್ಬಿಯಾದಲ್ಲಿ ಹೃದಯಕ್ಕೆ ಕೊಡುವ ಡಿಗಾಕ್ಸಿನ್.

ಹೆಸರುಗಳ ಹೋಲಿಕೆಯ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಒಂದು ಕಂಪನಿಯ ಫಾಲ್ಸಿಗೊ, ಇನ್ನೊಂದರ ಫಾಲ್ಸಿಟ್ಯಾಬ್ ಎರಡೂ ಮಲೇರಿಯಾದ ಔಷಧಗಳು. ಒಂದರಲ್ಲಿ ಆರ್ಟಿಸುನೇಟ್, ಮತ್ತೊಂದರಲ್ಲಿ ಮೆಫ್ಲೊಕ್ವಿನ್. 2001ರಲ್ಲಿ ತೀರ್ಪಿತ್ತ ನ್ಯಾಯಾಲಯವು ಬೇರೆ ಸರಕುಗಳ ಹೆಸರು ಅದಲುಬದಲಾದರೆ ನಷ್ಟ ಹಣದ್ದು, ಔಷಧದ ಹೆಸರು ಅದಲುಬದಲಾದರೆ ಪ್ರಾಣಕ್ಕೇ ಅಪಾಯ ಎಂಬ ನೆಲೆಯಲ್ಲಿ, ಔಷಧಗಳ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಾದ ಒರೆಗಲ್ಲು ಬೇಕೆಂದು ಅಭಿಪ್ರಾಯಪಟ್ಟಿತು.

ಒಗ್ಗದ ಔಷಧ ಹೆಸರು ಮರೆಸಿ ಬಂದಾಗ

ಕೆಲವರ ದೇಹಕ್ಕೆ ಪೆನಿಸಿಲಿನ್ ಒಗ್ಗುವುದಿಲ್ಲ. ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ. ಕೆಲವರಿಗೆ ಮುಖ, ನಾಲಗೆ ಊದಿಕೊಂಡು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಇಂತಹವರೊಬ್ಬರು ‘ನನಗೆ ಆಗ್ಮೆಂಟಿನ್ ಆಗುವುದಿಲ್ಲ’ ಎಂದು ಮಾತ್ರ ನೆನಪಿಟ್ಟುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಮುಂದೊಂದು ದಿನ ಅವರ ಕೈಗೆ ಕ್ಲಾವಮ್ ಬಂದರೆ ಹೆಸರು ಬೇರೆಯೆಂದು ನಿಶ್ಚಿಂತೆಯಿಂದ ನುಂಗುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಕೊಡುವ ಜೋಸಿನ್, ಇಂಗ್ಲೆಂಡ್‌ನ ಟ್ಯಾಜೋಸಿನ್ ಇವುಗಳಲ್ಲಿಯೂ ಪೆನಿಸಿಲಿನ್ ಮನೆತನದ ಪಿಪರಾಸಿಲಿನ್ ಅಡಗಿದೆ. ಹೆಸರಿನಲ್ಲಿ ಅದರ ಸುಳಿವೇ ಇಲ್ಲ. ಆದ್ದರಿಂದ ‘ನನಗೆ ಪೆನಿಸಿಲಿನ್ ಒಗ್ಗದು, ಅಮಾಕ್ಸಿಸಿಲಿನ್ ತೆಗೆದುಕೊಂಡಾಗ ಹೀಗಾಯಿತು’ ಎಂದು ಮೂಲನಾಮದಲ್ಲಿಯೇ ಹೇಳಬೇಕು. ಸಲ್ಫಾ ಒಗ್ಗದವರೂ ಸೆಪ್ಟ್ರಾನ್ ಎನ್ನದೆ ಸಲ್ಫಮೆಥಾಕ್ಸಜೋಲ್ ಎಂದೇ ಬರೆದಿಡಬೇಕು. ಯಾವ ಔಷಧ, ಯಾವ ವರ್ಷ, ಏನಾಯಿತು ಎಂಬ ಮೂರು ಸಂಗತಿಗಳು ವೈದ್ಯರಿಗೆ ಅಮೂಲ್ಯ.

ನಮ್ಮ ಮಲೆನಾಡಿನ ಜ್ವರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಈ ತಿಳಿವಳಿಕೆ ಏಕೆ ವಿಶೇಷವಾಗಿ ಬೇಕು? ಇಲ್ಲಿಯ ಜ್ವರಗಳು ಆರಂಭದಲ್ಲಿ ಒಂದರಂತೆ ಒಂದು ಕಾಣುತ್ತವೆ; ಆದರೆ ಅವುಗಳ ಚಿಕಿತ್ಸೆ ಬೇರೆಬೇರೆ.

ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. 2018ರ ಕೊನೆಯಲ್ಲಿ ಹಾಗೂ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ತತ್ತರಿಸಿದ್ದನ್ನು ನಾವು ಮರೆಯುವಂತಿಲ್ಲ. ಉಣುಗಿನಿಂದ ಹರಡುವ ಈ ಕಾಯಿಲೆಗೆ ಕಾರಣ ವೈರಾಣು. ಯಾವ ಹೆಸರಿನ ಪ್ರತಿಜೀವಕವೂ ವೈರಾಣುವನ್ನು ಕೊಲ್ಲಲಾರದು. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದಾಗ ಮನೆಯ ಡಬ್ಬಿಯಲ್ಲಿದ್ದ ಅಜಿತ್ರಾಲ್ ನುಂಗಿ ಮೂರು ದಿನ ಕಾಯ್ದರೆ ಕಳೆದುಹೋಗುವುದು ರಕ್ತಪರೀಕ್ಷೆಯ, ಆಸ್ಪತ್ರೆಯ ಆರೈಕೆಯ ಅಮೂಲ್ಯ ಕಾಲ. ಡೆಂಗಿಯ ಮಾತೂ ಇದೇ.

ಇದಕ್ಕೆ ವ್ಯತಿರಿಕ್ತವಾದುದು ಇಲಿಜ್ವರ. ಇಲಿ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ಕೆಸರು, ನೀರು ಕಾಲಿನ ಗಾಯಕ್ಕೆ ತಗುಲಿದಾಗ ಬರುವ ಇದು ಬ್ಯಾಕ್ಟೀರಿಯಾದ ಕಾಯಿಲೆ. ಚಿಗಟಮರಿಯಂತಹ ಸಣ್ಣ ಹುಳುವಿನ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಸಹ ಪ್ರತಿಜೀವಕಕ್ಕೆ ಬಗ್ಗುವಂಥದು. ಎರಡಕ್ಕೂ ವೈದ್ಯರು ಹೆಚ್ಚಾಗಿ ಕೊಡುವ ಔಷಧಗಳಲ್ಲಿ ಡಾಕ್ಸಿಸೈಕ್ಲಿನ್ ಮುಖ್ಯವಾದುದು. ಸರ್ಕಾರಿ ಆಸ್ಪತ್ರೆಯಲ್ಲಿ ‘ಡಾಕ್ಸಿಸೈಕ್ಲಿನ್’ ಎಂದು ಕೊಟ್ಟ ಮಾತ್ರೆಯನ್ನು ನುಂಗುತ್ತಿರುವಾಗಲೇ ಪೇಟೆಯ ಖಾಸಗಿ ವೈದ್ಯರು ಬರೆದ ಡಾಕ್ಸಿ-1ನ್ನೂ ನುಂಗಿದರೆ ಒಂದೇ ಔಷಧ ಎರಡು ಪಾಲಾಯಿತು. ‘ಸರ್ಕಾರಿ ಮಾತ್ರೆಯಿಂದ ಏನೂ ಆಗಲಿಲ್ಲ’ ಎಂದು ಎರಡೇ ದಿನಕ್ಕೆ ಬಿಟ್ಟು, ಬೇರೊಬ್ಬ ವೈದ್ಯರಿಗೆ ಅದರ ವಿಷಯ ತಿಳಿಸದೆಯೇ ಹೋದರೆ ಚಿಕಿತ್ಸೆಯ ಲೆಕ್ಕ ತಪ್ಪಿತು. ಹಳೆಯ ಪಟ್ಟಿಯನ್ನು ಜೊತೆಗೊಯ್ದು ತೋರಿಸಿದರೆ ಎರಡೂ ತಪ್ಪುತ್ತವೆ.

ಆಚರಣೆಗೆ ತರಬೇಕಾದುವು

ಪ್ರತಿ ಮನೆಯಲ್ಲಿಯೂ ಹಿರಿಯರಿಗಾಗಿ ಒಂದು ಔಷಧಚೀಟಿಯನ್ನು ಸಿದ್ಧಪಡಿಸಿರಿ. ಎಡಭಾಗದಲ್ಲಿ ಕನ್ನಡದಲ್ಲಿಯೂ ಬಲಭಾಗದಲ್ಲಿ ಇಂಗ್ಲಿಷಿನಲ್ಲಿಯೂ ಔಷಧದ ಮೂಲನಾಮ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಕಾಯಿಲೆಗೆ, ಯಾವ ದಿನ ಆರಂಭಿಸಿದ್ದು ಎಂಬುದನ್ನು ಬರೆಯಿರಿ. ಒಗ್ಗದ ಔಷಧವಿದ್ದರೆ ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆಯಿರಿ. ದಿನಾಂಕ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯುವುದು ಲೇಸು. ನಾವು ದಿನ, ತಿಂಗಳು ಎಂಬ ಕ್ರಮದಲ್ಲಿ ಬರೆದರೆ ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 3-7 ಎಂಬುದು ನಮಗೆ ಜುಲೈ 3, ಅವರಿಗೆ ಮಾರ್ಚ್ 7.

ಹೊರದೇಶಕ್ಕೆ ಹೋಗುವವರು ಔಷಧಗಳನ್ನು ಮೂಲ ಪಟ್ಟಿಯಲ್ಲಿಯೇ, ಮೂಲನಾಮ ಬರೆಸಿದ ವೈದ್ಯರ ಚೀಟಿಯೊಡನೆ ಒಯ್ಯಬೇಕು. ಬಿಡಿಸಿ ಡಬ್ಬಿಗೆ ತುಂಬಿದ ಮಾತ್ರೆಗಳನ್ನು ಯಾರೂ ಗುರುತಿಸಲಾರರು. ಗಲ್ಫ್ ನಾಡುಗಳಲ್ಲಿ ನೋವಿನ, ನಿದ್ರೆಯ ಕೆಲವು ಔಷಧಗಳಿಗೆ ಕಟ್ಟುನಿಟ್ಟಾದ ನಿರ್ಬಂಧವಿರುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ. ಅಮೆರಿಕದಲ್ಲಿ ಔಷಧವನ್ನು ಹೆಚ್ಚಾಗಿ ಪಟ್ಟಿಯಲ್ಲಿ ಕೊಡದೆ ಸೀಸೆಯಲ್ಲಿ ಕೊಡುತ್ತಾರೆ. ಸೀಸೆಯ ಚೀಟಿಯಲ್ಲಿ ರೋಗಿಯ ಹೆಸರೂ ಔಷಧದ ಹೆಸರೂ ಇರುತ್ತವೆ. ಅಲ್ಲಿಯ ಮಾತ್ರೆಗಳ ಮೈಮೇಲೆಯೇ ಅಕ್ಷರ, ಅಂಕಿಗಳ ಗುರುತು ಅಚ್ಚಾಗಿರುತ್ತದೆ. ಅದರಿಂದ ಔಷಧವಿಜ್ಞಾನಿಗಳು ಮಾತ್ರೆ ಯಾವುದೆಂದು ಹೇಳಬಲ್ಲರು. ಅಲ್ಲಿಂದ ಮರಳುವಾಗ ಸೀಸೆಯನ್ನು ಎಸೆಯದೆ ತನ್ನಿರಿ.

ಮಕ್ಕಳು ಅಲ್ಲಿ ಉಳಿಸಿದ ಪ್ರತಿಜೀವಕವನ್ನು ಊರಿನ ಬಂಧುಗಳಿಗೆ ಕಳುಹಿಸುವುದಾಗಲಿ, ಇಲ್ಲಿಯ ಉಳಿಕೆಯನ್ನು ನೆರೆಮನೆಯವರಿಗೆ ಕೊಡುವುದಾಗಲಿ ಸಲ್ಲದು. ಅನ್ನ ಹಂಚಿದರೆ ದಾಸೋಹ. ಪ್ರತಿಜೀವಕ ಹಂಚಿದರೆ ಅಪಾಯ. ಅರೆಬರೆ ಪ್ರಮಾಣದಲ್ಲಿ, ಬೇಡದ ಕಾಯಿಲೆಗೆ ನುಂಗಿದಾಗ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತೆ ಬಲಿಯುತ್ತವೆ. ಹಾಗೆ ಬಲಿತವು ಒಬ್ಬರ ದೇಹದಲ್ಲಿಯೇ ಉಳಿಯದೆ ಮನೆಗೆ, ಊರಿಗೆ ಹರಡುತ್ತವೆ. ನಾಳೆ ನಮ್ಮದೇ ಮನೆಯ ಕೂಸಿಗೆ ಆ ಔಷಧ ಕೆಲಸ ಮಾಡದೆ ಹೋದೀತು.

ಔಷಧದಂಗಡಿಯಲ್ಲಿ ವೈದ್ಯರು ಬರೆದ ಹೆಸರಿನ ಬದಲು ಬೇರೆ ಹೆಸರಿನದನ್ನು ಕೊಟ್ಟರೆ ಸಂಕೋಚವಿಲ್ಲದೆ ಒಂದು ಪ್ರಶ್ನೆ ಕೇಳಿರಿ: ‘ಇದರ ಮೂಲನಾಮವೇನು? ಚೀಟಿಯಲ್ಲಿರುವುದೂ ಇದೇ ವಸ್ತುವೇ, ಪ್ರಮಾಣವೂ ಅಷ್ಟೇ ಇದೆಯೇ?’ ಉತ್ತರ ಸಮಾಧಾನಕರವಾಗದಿದ್ದರೆ ವೈದ್ಯರಿಗೆ ತೋರಿಸಿದ ಬಳಿಕವೇ ನುಂಗಿರಿ. ಚೀಟಿಯನ್ನು ಮೂಲನಾಮದಲ್ಲಿ, ಬಿಡಿಬಿಡಿಯಾದ ಅಕ್ಷರಗಳಲ್ಲಿ ಬರೆದುಕೊಡಿರೆಂದು ವೈದ್ಯರನ್ನು ಕೇಳುವ ಹಕ್ಕೂ ರೋಗಿಗಿದೆ.

ಶರಣರು ಅರಿವನ್ನೇ ಗುರುವೆಂದು ಬಗೆದರು. ಮಾತ್ರೆಯ ಪಟ್ಟಿಯ ಹಿಂಬದಿಯ ಎರಡು ಸಾಲನ್ನು ಓದಿಕೊಳ್ಳುವುದೂ ಅಂತಹ ಅರಿವಿನ ಒಂದು ಕಿರುಹೆಜ್ಜೆ. ಈ ತಿಂಗಳು ಸದ್ಭಕ್ತರೆಲ್ಲರೂ ತಮ್ಮ ಮನೆಯ ಔಷಧದ ಡಬ್ಬಿಯನ್ನು ತೆರೆದು ನೋಡಬೇಕೆಂದು ವಿನಂತಿ. ಅವಧಿ ಮೀರಿದ್ದನ್ನು, ಹೆಸರು ಹರಿದುಹೋದದ್ದನ್ನು ಬೇರ್ಪಡಿಸಿ, ಉಳಿದವುಗಳ ಮೂಲನಾಮವನ್ನು ಚೀಟಿಯಲ್ಲಿ ಬರೆದು ಮನೆಯ ಹಿರಿಯರ ಚೀಲದಲ್ಲಿ ಒಂದು ಪ್ರತಿ, ಪರದೇಶದಲ್ಲಿರುವ ಮಕ್ಕಳ ಮೊಬೈಲಿನಲ್ಲಿ ಒಂದು ಪ್ರತಿ ಇರುವಂತೆ ನೋಡಿಕೊಳ್ಳಿರಿ. ಕಾಯ ಕ್ಷೇಮವಾಗಿದ್ದರೆ ಕಾಯಕವೂ ಪೂಜೆಯೂ ಸಾಂಗವಾಗಿ ನಡೆಯುತ್ತವೆ.